ಪ್ರಸಂಗಿಯ ‘ವ್ಯರ್ಥ’ ನಿಜಕ್ಕೂ ವ್ಯರ್ಥವಾ? ‘ಹೆವೆಲ್’ ಪದದ ಬಗ್ಗೆ ತಿಳಿದವರು ಹೇಳಿ

ಹಾಸನದವಳು

ಇಲ್ಲಿ ಓದಿ ಹೋಗೋದಷ್ಟೇ ನನ್ನ ಅಭ್ಯಾಸ. ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಎರಡು ತಿಂಗಳ ಹಿಂದೆ ಅಪ್ಪ ಹೋಗ್ಬಿಟ್ರು. ಗಾರೆ ಮೇಸ್ತ್ರಿ. ನಮ್ಮ ಬಡಾವಣೆಯಲ್ಲಿ ಅವರ ಕೈಯಲ್ಲಿ ಎದ್ದ ಮನೆಗಳನ್ನ ಬೆರಳು ಮಡಚಿ ಎಣಿಸಿ ಮುಗಿಸೋಕಾಗಲ್ಲ. ನಮ್ಮ ಮನೆಗೆ ಮಾತ್ರ ಇವತ್ತಿಗೂ ಶೀಟು. ಮಣ್ಣು ಮಾಡಿದ ದಿನ ಬೈಬಲ್ಲಿನ ಪ್ರಸಂಗಿ ಪುಸ್ತಕದ ಮೊದಲನೇ ಅಧ್ಯಾಯ ಓದಿದ್ರು. ‘ವ್ಯರ್ಥವೇ ವ್ಯರ್ಥ, ಸಮಸ್ತವೂ ವ್ಯರ್ಥ.’ ಅದರ ಹಿಂದೆಯೇ, ಮನುಷ್ಯ ಇಷ್ಟೆಲ್ಲ ಕಷ್ಟಪಡೋದರಿಂದ ಲಾಭವೇನು ಅನ್ನೋ ಮಾತು.

ಅಮ್ಮ ಅಲ್ಲಿ ತುಟಿ ಬಿಚ್ಚಲಿಲ್ಲ. ರಾತ್ರಿ ನೆಂಟರೆಲ್ಲ ಹೋದ ಮೇಲೆ ಅಪ್ಪನ ಕರಣೆ, ತೂಗುಗುಂಡು, ದಾರದ ಉಂಡೆ ಇದ್ದ ಗೋಣಿಚೀಲ ತೊಡೆ ಮೇಲೆ ಇಟ್ಕೊಂಡು ಕೇಳಿದ್ಲು: “ನಲವತ್ತು ವರ್ಷ ಬಿಸಿಲಲ್ಲಿ ನಿಂತಿದ್ದು ವ್ಯರ್ಥವಾ? ದೇವರ ಪುಸ್ತಕದಲ್ಲೇ ಹಾಗಿದ್ಯಾ?” ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮ ದೊಡ್ಡಪ್ಪನ ಮಗ ಹೇಳ್ದ, ಹೀಬ್ರೂ ಭಾಷೆಯಲ್ಲಿ ಅಲ್ಲಿರೋ ಪದ ‘ಹೆವೆಲ್’, ಅದರ ಅರ್ಥ ಉಸಿರು ಅಂತ. ಹೌದಾ? ಅಥವಾ ನಮ್ಮನ್ನ ಸಮಾಧಾನ ಮಾಡೋಕೆ ಹೇಳಿದ್ದಾ?

ಧಾತುಪಾಠ

ನಿಮ್ಮ ತಾಯಿಯವರ ಪ್ರಶ್ನೆ ದೊಡ್ಡದು ಅಮ್ಮಾ. ನಾನು ಮೂರು ವರ್ಷ ಹೀಬ್ರೂ ಓದಿದವನು, ಆಮೇಲೆ ಇಪ್ಪತ್ತು ವರ್ಷ ಮರೆತವನು. ಉಳಿದಿರೋಷ್ಟು ಹೇಳ್ತೀನಿ.

ನಿಮ್ಮ ಅಣ್ಣ ಸಮಾಧಾನಕ್ಕೆ ಹೇಳಿದ್ದಲ್ಲ, ಅದು ನಿಜ. ಮೂಲದಲ್ಲಿ ‘ಹವೇಲ್ ಹವಾಲೀಮ್’ ಅಂತ ಶುರುವಾಗಿ ‘ಹಕ್ಕೋಲ್ ಹಾವೆಲ್’ ಅಂತ ಮುಗಿಯುತ್ತೆ. ಎಲ್ಲವೂ ಹೆವೆಲ್ ಅಂತ. ಹೆವೆಲ್ ಅಂದ್ರೆ ಮೊದಲ ಅರ್ಥದಲ್ಲಿ ಬಾಯಿಂದ ಹೊರಡೋ ಉಸಿರು, ಆವಿ, ತೆಳ್ಳಗೆ ಮೇಲೇಳೋ ಬಿಸಿಗಾಳಿ. ಬೈಬಲ್ಲಿನದೇ ಯೆಶಾಯ ಪುಸ್ತಕ, 57ನೇ ಅಧ್ಯಾಯ 13ನೇ ವಚನ ನೋಡಿ: ನಿನ್ನ ವಿಗ್ರಹಗಳನ್ನೆಲ್ಲ ಗಾಳಿ ಎತ್ತಿಕೊಂಡು ಹೋಗುತ್ತೆ, ಹೆವೆಲ್ ಒಯ್ದುಬಿಡುತ್ತೆ. ಒಂದು ಸಾಲಿನಲ್ಲಿ ಹೇಳಿದ್ದನ್ನೇ ಮುಂದಿನ ಸಾಲಿನಲ್ಲಿ ಬೇರೆ ಪದದಿಂದ ಹೇಳೋದು ಹೀಬ್ರೂ ಪದ್ಯದ ರೂಢಿ. ಗಾಳಿಗೆ ಜೋಡಿಯಾಗಿ ಕೂತಿರೋ ಪದ ಅದು. ಕೀರ್ತನೆ 144:4ರಲ್ಲಿ ಮನುಷ್ಯ ಹೆವೆಲ್‌ಗೆ ಸಮಾನ, ಅವನ ದಿನಗಳು ಸರಿದುಹೋಗೋ ನೆರಳು.

ಪ್ರಸಂಗಿ ಸಣ್ಣ ಪುಸ್ತಕ, 12 ಅಧ್ಯಾಯ. ಅಷ್ಟರಲ್ಲೇ ಈ ಪದ 38 ಸಲ ಬರುತ್ತೆ. ಇಡೀ ಹೀಬ್ರೂ ಬೈಬಲ್ಲಿನಲ್ಲಿ ಇರೋದರ ಅರ್ಧಕ್ಕಿಂತ ಹೆಚ್ಚು ಇಲ್ಲೇ.

‘ಹವೇಲ್ ಹವಾಲೀಮ್’ ಅಂತ ಜೋಡಿಸಿದ್ದು ಹೀಬ್ರೂವಿನಲ್ಲಿ ‘ಅದಕ್ಕಿಂತ ಮಿಗಿಲಿಲ್ಲ’ ಅನ್ನೋ ರೀತಿ. ‘ಶೀರ್ ಹಶ್ಶಿರೀಮ್’ ಅಂದ್ರೆ ಹಾಡುಗಳ ಹಾಡು. ಕನ್ನಡದಲ್ಲಿ ಅದನ್ನ ‘ಪರಮಗೀತ’ ಅಂತ ಎಷ್ಟು ಚೆನ್ನಾಗಿ ಹಿಡಿದಿದ್ದಾರೆ! ಅದೇ ಜಾಣತನ ಪ್ರಸಂಗಿಗೆ ದಕ್ಕಲಿಲ್ಲ ಅನ್ನೋದು ನನ್ನ ಹಳೇ ಕೊರಗು.

ಗೋಡಂಬಿ

ನಾನು ಕ್ರಿಶ್ಚಿಯನ್ ಅಲ್ಲ, ಭಾಷೆಯ ಚಪಲಕ್ಕೆ ಬಂದವನು. ಹೆವೆಲ್... ಹೆಬೆಲ್... ಹಬೆ! ನಮ್ಮ ಇಡ್ಲಿ ಪಾತ್ರೆಯ ಹಬೆ! ಅರ್ಥವೂ ಅದೇ, ಸದ್ದೂ ಅದೇ. ಒಂದೇ ಬೇರಿನದ್ದಾ ಸಾರ್?

ಧಾತುಪಾಠ

ಯಾರಾದ್ರೂ ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಇಲ್ಲ. ಹೀಬ್ರೂ ಸೆಮಿಟಿಕ್ ಕುಟುಂಬ, ಕನ್ನಡ ದ್ರಾವಿಡ. ದಾರಿಯಲ್ಲಿ ಸಿಕ್ಕಿದ ಇಬ್ಬರ ಮೂಗು ಒಂದೇ ಥರ ಇದೆ ಅಂತ ಅಣ್ಣತಮ್ಮ ಅನ್ನೋಕಾಗುತ್ತಾ?

ಆದ್ರೆ ಸಂಬಂಧ ಇಲ್ಲದಿದ್ದರೂ ಅನುವಾದಕ್ಕೆ ‘ಹಬೆ’ಗಿಂತ ಒಳ್ಳೆ ಪದ ನಮ್ಮಲ್ಲಿಲ್ಲ. ನಮ್ಮ ಸತ್ಯವೇದದಲ್ಲೇ, ಅಂದ್ರೆ ಕನ್ನಡ ಬೈಬಲ್ಲಿನಲ್ಲೇ, ಇನ್ನೊಂದು ಕಡೆ ಆ ಪದ ಬಂದಿದೆ. ಯಾಕೋಬನ ಪತ್ರಿಕೆ 4:14 ತೆಗೆದು ನೋಡಿ. ಸ್ವಲ್ಪ ಹೊತ್ತು ಕಾಣಿಸಿ ಆಮೇಲೆ ಕಾಣದೆ ಹೋಗುವ ಹಬೆಯಂತೆ ನೀವು ಅನ್ನೋ ಮಾತು. ಅಲ್ಲಿ ಗ್ರೀಕ್ ಪದ ‘ಅತ್ಮಿಸ್’. ಪ್ರಸಂಗಿಯನ್ನ 2ನೇ ಶತಮಾನದಲ್ಲಿ ಗ್ರೀಕಿಗೆ ತಂದ ಅಕ್ವಿಲ ಹೆವೆಲ್‌ಗೆ ಬಳಸಿದ್ದೂ ‘ಅತ್ಮಿಸ್’ ಪದವನ್ನೇ.

ಹಾಗಾದ್ರೆ ‘ವ್ಯರ್ಥ’ ಎಲ್ಲಿಂದ ಬಂತು? ಸೆಪ್ಟುಅಜಿಂಟ್ ಅನ್ನೋ ಹಳೆಯ ಗ್ರೀಕ್ ಅನುವಾದದಲ್ಲಿ ‘ಮತಾಯೊತೇಸ್’ ಅಂತಿದೆ, ನಿಷ್ಫಲ ಅಂತ. ಜೆರೋಮ್ ಅನ್ನೋ ಕ್ರೈಸ್ತ ಸಂತ ಬೆತ್ಲೆಹೇಮಿನಲ್ಲಿ ಕೂತು ಲ್ಯಾಟಿನ್ನಿಗೆ ತರುವಾಗ ‘ವಾನಿತಾಸ್’ ಅಂತ ಇಟ್ಟ, ಪೊಳ್ಳು ಅಂತ. ತಮಾಷೆ ಏನಂದ್ರೆ, ಈ ಪುಸ್ತಕಕ್ಕೆ ತಾನೇ ಬರೆದ ವ್ಯಾಖ್ಯಾನದಲ್ಲಿ, ಬೇರೆ ಗ್ರೀಕ್ ಅನುವಾದಕರು ಇದನ್ನ ಆವಿ ಅಂತ ಹೇಳಿದ್ದಾರೆ, ಬೇಗ ಕರಗಿಹೋಗೋ ತೆಳು ಉಸಿರು ಅಂತ ವಿವರವಾಗಿ ಹೇಳ್ತಾನೆ. ಗೊತ್ತಿದ್ದೂ ವಾನಿತಾಸ್ ಉಳಿಸಿಕೊಂಡ. 1611ರ ಇಂಗ್ಲಿಷ್ ಬೈಬಲ್ಲಿಗೆ ಅದೇ ಹೋಯ್ತು, ‘ವ್ಯಾನಿಟಿ’ ಆಯ್ತು. ಚಿತ್ರ ಹೋಯ್ತು, ತೀರ್ಪು ಉಳೀತು.

ಗೋಡಂಬಿ

ಅತ್ಮಿಸ್ ಅಂದ್ರೆ ಆತ್ಮ ಅಲ್ವಾ ಮತ್ತೆ?

ಧಾತುಪಾಠ

ಬೇಡ ಮಾರಾಯ. ‘ಅಟ್ಮಾಸ್ಫಿಯರ್’ ಅನ್ನೋದು ಆ ಬೇರಿಂದ ಬಂದಿದ್ದು, ಅಷ್ಟಕ್ಕೆ ತೃಪ್ತಿಪಡು.

ಕೆಜಿಎಫ್_ಮಗ

ಗುರು, ನಮ್ಮನೇಲಿ ತಮಿಳು ಬೈಬಲ್, ಸ್ಕೂಲಲ್ಲಿ ಕನ್ನಡ ಬೈಬಲ್. ತಮಿಳಲ್ಲಿ ಇದೇ ವಾಕ್ಯ ‘ಮಾಯೈ, ಮಾಯೈ, ಎಲ್ಲಾಂ ಮಾಯೈ’. ಅಂದ್ರೆ ಮಾಯೆ. ಮಲಯಾಳದವರದ್ದೂ ‘ಮಾಯ’. ತೆಲುಗರದ್ದು ನಮ್ಮ ಥರ ‘ವ್ಯರ್ಥಮು’. ಒಂದೇ ಹೀಬ್ರೂ ಪದ, ಘಟ್ಟ ಇಳಿದ್ರೆ ಮಾಯೆ, ಹತ್ತಿದ್ರೆ ವ್ಯರ್ಥ. ಚಿಕ್ಕೋನಿದ್ದಾಗ ಎರಡೂ ಬೇರೆ ಬೇರೆ ವಾಕ್ಯ ಅಂದ್ಕೊಂಡಿದ್ದೆ.

ಇನ್ನೊಂದು. ತಮಿಳಲ್ಲಿ ‘ಆವಿ’ ಅಂದ್ರೆ ಬರೀ ಹಬೆ ಅಲ್ಲ, ಪ್ರಾಣವೂ ಹೌದು. ಪವಿತ್ರಾತ್ಮನಿಗೆ ನಾವು ಹೇಳೋದು ‘ಪರಿಸುತ್ತ ಆವಿ’. ಕನ್ನಡದ ಫ್ರೆಂಡ್‌ಗೆ ಇದನ್ನ ಹೇಳ್ದಾಗ ಅವನು ಕುಕ್ಕರ್ ಕಡೆ ನೋಡ್ಕೊಂಡು ನಗಾಡಿದ್ದ.

ಗೋಡಂಬಿ

ಮಾಯೆ ಅಂದ್ರೆ ನನಗೆ ತಕರಾರಿದೆ. ಮಾಯೆ ಅಂದ ತಕ್ಷಣ ‘ಕಾಣೋದು ಸುಳ್ಳು, ನಿಜ ಬೇರೆ ಎಲ್ಲೋ ಇದೆ’ ಅನ್ನೋ ದೊಡ್ಡ ವಾದವೇ ಹಿಂದೆ ಬರುತ್ತೆ. ಹಬೆ ಸುಳ್ಳಲ್ಲ. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಮಣಿಕಟ್ಟಿಗೆ ಬಡಿದ್ರೆ ಗೊತ್ತಾಗುತ್ತೆ, ಬೊಬ್ಬೆ ಏಳುತ್ತೆ. ಹಾಗಂತ ವ್ಯರ್ಥವೂ ಅಲ್ಲ, ಹನ್ನೆರಡು ನಿಮಿಷದಲ್ಲಿ ಹಿಟ್ಟನ್ನ ಊಟ ಮಾಡಿಕೊಡುತ್ತೆ. ಒಂದೇ ಸಮಸ್ಯೆ: ಮುಷ್ಟಿಯಲ್ಲಿ ಹಿಡೀತೀನಿ ಅಂದ್ರೆ ಕೈ ಒದ್ದೆಯಾಗುತ್ತೆ, ಇನ್ನೇನೂ ಸಿಗಲ್ಲ. ಪ್ರಸಂಗಿ ಹೇಳ್ತಿರೋದು ಇದಾ?

ಧಾತುಪಾಠ

ನೀನು ಮೂರು ವರ್ಷ ಓದದೇ ಬಂದೆಯಲ್ಲಪ್ಪ ಇಲ್ಲಿಗೆ.

ಪಾತ್ರೆ ಅಂದಿದ್ದಕ್ಕೆ ನೆನಪಾಯ್ತು. ಯೆಹೂದ್ಯ ರಬ್ಬಿಗಳು, ಅಂದ್ರೆ ಅವರ ಧರ್ಮಗುರುಗಳು, ಈ ಪುಸ್ತಕಕ್ಕೆ ಬರೆದ ಹಳೆಯ ವ್ಯಾಖ್ಯಾನದಲ್ಲಿ ಒಂದು ಲೆಕ್ಕ ಇದೆ. ಈ ವಾಕ್ಯದಲ್ಲಿ ‘ಹೆವೆಲ್’ ಏಕವಚನ ಮೂರು ಸಲ, ಬಹುವಚನ ಎರಡು ಸಲ. ಬಹುವಚನವನ್ನ ಎರಡೆರಡು ಅಂತ ಹಿಡಿದ್ರೆ ಒಟ್ಟು ಏಳು. ಒಬ್ಬ ಒಲೆಯ ಮೇಲೆ ಏಳು ಮಡಕೆಗಳನ್ನ ಒಂದರ ಮೇಲೊಂದು ಇಟ್ಟ ಹಾಗೆ ಅಂತಾರೆ. ಏಳನೇ ಮಡಕೆಯಿಂದ ಏಳೋ ಹಬೆಯಲ್ಲಿ ಏನು ಸತ್ವ ಇರುತ್ತೆ? ಮನುಷ್ಯ ಅಷ್ಟೇ. ಅದೇ ಏಳನ್ನ ಮನುಷ್ಯನ ಏಳು ವಯಸ್ಸಿಗೂ ಹೊಂದಿಸ್ತಾರೆ: ಒಂದು ವರ್ಷದ ಮಗು ರಾಜ, ಎಲ್ಲರೂ ಎತ್ತಿ ಮುದ್ದಾಡ್ತಾರೆ, ಕೊನೆಗೆ ಮುದುಕ ಕೋತಿ.

ಕಡಲತಡಿ

ಧಾತುಪಾಠದವರು ಪುಸ್ತಕದ್ದು ಹೇಳಿದ್ರು, ನಾನು ಕಿವಿಗೆ ಬಿದ್ದದ್ದು ಹೇಳ್ತೇನೆ. ನಮ್ಮ ಊರು ಉಡುಪಿ ಹತ್ರ. ಇಸ್ರೇಲಿನಲ್ಲಿ ಒಂಬತ್ತು ವರ್ಷದಿಂದ ಕೇರ್‌ಗಿವರ್ ಕೆಲಸ. ಒಬ್ಬರು ಅಜ್ಜಿಯನ್ನು ನೋಡಿಕೊಳ್ತೇನೆ. ನಮ್ಮ ಕಡೆಯವರು ಇಲ್ಲಿ ತುಂಬಾ ಜನ ಉಂಟು, ಹೀಬ್ರೂ ನಮಗೆ ಅಡುಗೆಮನೆಯಲ್ಲೇ ಬಂದದ್ದು.

ಈಗಿನ ಮಾತಿನಲ್ಲಿ ‘ಹವೇಲ್ ಹವಾಲೀಮ್’ ಅಂದ್ರೆ ಬರೀ ಬುರುಡೆ, ಅರ್ಥ ಇಲ್ಲದ ಮಾತು. ಟಿವಿಯಲ್ಲಿ ಮಂತ್ರಿ ಮಾತಾಡುವಾಗ ಅಜ್ಜಿ ಹಾಗೆ ಬೈಯುವುದು. ಮತ್ತೊಂದು ಜಾಗ್ರತೆ ಮಾರಾಯ್ರೆ: ಗಂಟಲಿನಿಂದ ಬರುವ ಇನ್ನೊಂದು ‘ಖೆವೆಲ್’ ಉಂಟು, ಅದು ಹಗ್ಗ. ‘ಖವಾಲ್’ ಅಂದ್ರೆ ‘ಛೆ, ಪಾಪ’. ಕನ್ನಡದಲ್ಲಿ ಬರೆದ್ರೆ ಎಲ್ಲ ಒಂದೇ ಥರ ಕಾಣ್ತದೆ, ಅಕ್ಷರ ಬೇರೆ. ಶುರುವಿನಲ್ಲಿ ನಾನು ಎಲ್ಲ ಕಲಸಿ ನಗೆಪಾಟಲಾಗಿದ್ದೆ.

ಇಲ್ಲಿ ಸುಕ್ಕೋತ್ ಹಬ್ಬದಲ್ಲಿ ಮನೆ ಹೊರಗೆ ಚಪ್ಪರ ಹಾಕಿ ಏಳು ದಿನ ಅದರಲ್ಲೇ ಊಟ. ಮಾಡಿಗೆ ಸೊಪ್ಪು, ಗರಿ, ನಕ್ಷತ್ರ ಕಾಣ್ಬೇಕು. ಆ ವಾರದ ಶಬ್ಬಾತ್ ದಿನ, ಅಂದ್ರೆ ಶನಿವಾರ, ಅಜ್ಜಿಯ ಸಿನಗಾಗಿನಲ್ಲಿ, ಅವರ ಪ್ರಾರ್ಥನೆಯ ಮಂದಿರದಲ್ಲಿ, ಓದುವುದು ಇದೇ ಪ್ರಸಂಗಿ. ನಾನು ವೀಲ್‌ಚೇರ್ ಹಿಡ್ಕೊಂಡು ಹಿಂದೆ ನಿಂತಿರ್ತೇನೆ. ನಮ್ಮಲ್ಲಿ ಮಣ್ಣಿಗೆ ಓದುವುದನ್ನು ಇವರು ಬೆಳೆ ಕೊಯ್ದ ಹಬ್ಬಕ್ಕೆ ಓದ್ತಾರೆ, ಹೊಟ್ಟೆ ತುಂಬಿದ ಮೇಲೆ.

ಅಜ್ಜಿಯ ಮಗ ಒಂದು ಮಾತು ಹೇಳಿದ್ದ, ಯೆಹೂದ್ಯರ ಧರ್ಮಗ್ರಂಥ ತಾಲ್ಮುದಿನದ್ದು. ಪಾಠಶಾಲೆ ಮಕ್ಕಳ ಬಾಯಿಂದ ಬರುವ ಹೆವೆಲ್ ಮೇಲೆ ಈ ಲೋಕ ನಿಂತಿದೆ ಅಂತ. ಅದೇ ಪದ! ಒಬ್ಬ ರಬ್ಬಿ ಕೇಳ್ತಾನಂತೆ, ಹಾಗಾದ್ರೆ ನಿನ್ನ ನನ್ನ ಉಸಿರು ಎಂತದ್ದು? ಇನ್ನೊಬ್ಬ ಹೇಳ್ತಾನೆ, ಪಾಪ ಇರುವ ಉಸಿರೂ ಪಾಪ ಇಲ್ಲದ ಉಸಿರೂ ಒಂದಲ್ಲ. ದೇವಾಲಯ ಕಟ್ಟುವ ಕೆಲಸಕ್ಕೂ ಮಕ್ಕಳ ಪಾಠ ನಿಲ್ಲಿಸಬಾರದು ಅಂತ ಅದರ ಜೊತೆಯಲ್ಲೇ ಉಂಟು.

ಹಾಸನದವಳು

ಅಕ್ಕಾ, ಕೊನೇ ಸಾಲು ಓದಿ ಕೂತುಬಿಟ್ಟೆ. ಸ್ಕೂಲಿದ್ದ ದಿನ ನಮ್ಮನ್ನ ಅಪ್ಪ ಒಂದು ಸಲವೂ ಇಟ್ಟಿಗೆ ಎತ್ತಿಕೊಡೋಕೆ ಕರೆದಿಲ್ಲ. ಆಳು ಬರದ ದಿನ ಅಮ್ಮನೇ ಹೋಗ್ತಿದ್ಲು.

ಒಂದು ಪ್ರಶ್ನೆ. ನಿನ್ನೆ ಆದಿಕಾಂಡ ತೆಗೆದಿದ್ದೆ. ನಾಲ್ಕನೇ ಅಧ್ಯಾಯದಲ್ಲಿ ಕಾಯಿನನ ತಮ್ಮ ‘ಹೇಬೆಲ’. ಇಂಗ್ಲಿಷಿನಲ್ಲಿ ಏಬಲ್ ಅಂತ ಕೇಳಿ ಕೇಳಿ ಹೊಳೆದೇ ಇರಲಿಲ್ಲ. ಹೇಬೆಲ, ಹೆವೆಲ್. ಇದೂ ಹಬೆ ಥರ ಬರೀ ಸದ್ದಾ?

ಧಾತುಪಾಠ

ಇದು ಬರೀ ಸದ್ದಲ್ಲ. ಅದೇ ಮೂರು ಅಕ್ಷರ: ಹೇ, ಬೇತ್, ಲಾಮೆದ್. ನಡುವಿನ ಅಕ್ಷರ ಜಾಗ ನೋಡಿಕೊಂಡು ಕೆಲವು ಸಲ ‘ಬ’, ಕೆಲವು ಸಲ ‘ವ’. ನಮ್ಮ ಬನ–ವನ ಇದ್ದ ಹಾಗೆ ಅಂದ್ಕೊಳ್ಳಿ. ಇಂಗ್ಲಿಷಿನವರು ‘ಹ’ವನ್ನೇ ನುಂಗಿಬಿಟ್ಟರು, ಕನ್ನಡದ ಸತ್ಯವೇದ ಉಳಿಸಿಕೊಂಡಿದೆ. ನಮ್ಮ ಮುಂದೇ ಇತ್ತು, ನಾವು ನೋಡಲಿಲ್ಲ.

ಕಾಯಿನ ಹುಟ್ಟಿದಾಗ ಅವನ ತಾಯಿ ಹವ್ವ ಹೆಸರಿಗೆ ಕಾರಣ ಹೇಳ್ತಾಳೆ: ‘ಕಾನೀತಿ’, ಪಡೆದಿದ್ದೇನೆ ಅಂತ. ಗಳಿಸೋದು, ಕೊಳ್ಳೋದು, ಸ್ವಂತ ಮಾಡ್ಕೊಳ್ಳೋದು ಆ ಧಾತುವಿನ ಅರ್ಥ. ಎರಡನೇ ಮಗನ ಹೆಸರಿಗೆ ಯಾರೂ ಕಾರಣ ಹೇಳಲ್ಲ. ಹೇಬೆಲ ಹುಟ್ಟಿದ, ಕುರಿ ಕಾದ, ಕಾಣಿಕೆ ತಂದ, ಹೊಲದಲ್ಲಿ ಸತ್ತ. ಬದುಕಿದ್ದಾಗ ಆಡಿದ ಒಂದು ಮಾತೂ ಕಥೆಯಲ್ಲಿಲ್ಲ. ಗಳಿಕೆ ಅನ್ನೋ ಹೆಸರಿನವನು ಉಸಿರು ಅನ್ನೋ ಹೆಸರಿನವನನ್ನ ಕೊಂದ.

ಇನ್ನೊಂದು ಸ್ವಾರಸ್ಯ. ಪ್ರಸಂಗಿಯಲ್ಲಿ ಹೆವೆಲ್ ಪಕ್ಕದಲ್ಲೇ ಮತ್ತೆ ಮತ್ತೆ ಬರೋ ಮಾತು ‘ರೆಊತ್ ರೂಅಖ್’. ನಮ್ಮದರಲ್ಲಿ ‘ಗಾಳಿಯನ್ನು ಹಿಂದಟ್ಟಿದ ಹಾಗೆ’. ಆ ‘ರೆಊತ್’ ಕುರಿ ಕಾಯೋ ಧಾತುವಿಂದಲೂ ಬಂದಿರಬಹುದು ಅನ್ನೋ ವಾದ ಇದೆ, ಹಾಗಾದ್ರೆ ಗಾಳಿಯನ್ನು ಮೇಯಿಸೋದು. ಹೋಶೇಯ ಪ್ರವಾದಿಯ ಪುಸ್ತಕದಲ್ಲಿ ಎಫ್ರಾಯಿಮ್, ಅಂದ್ರೆ ಇಸ್ರಾಯೇಲಿನ ಜನ, ಗಾಳಿ ಮೇಯಿಸ್ತಾನೆ ಅನ್ನೋ ಹಾಗೆ ಅದೇ ಧಾತು ಇದೆ. ಆದಿಕಾಂಡದಲ್ಲಿ ಹೇಬೆಲನ ಕಸುಬು ‘ರೋಏ ಚೋನ್’, ಕುರಿ ಮೇಯಿಸೋನು. ಒಬ್ಬ ಕುರುಬ ಕೋಲು ಹಿಡಿದು ಗಾಳಿಯನ್ನ ದೊಡ್ಡಿಗೆ ಹೊಡಕೊಂಡು ಬರೋದನ್ನ ಕಣ್ಣ ಮುಂದೆ ತಂದ್ಕೊಳ್ಳಿ.

ಧಾರವಾಡದಂವ

ಎಲ್ಲಾರೂ ಕೂಡಿ ಪ್ರಸಂಗೀನ ಸಕ್ಕರಿ ಪಾಕದಾಗ ಅದ್ದಾಕತ್ತೀರಿ. ನಾ ಒಂದು ಮಾತು ಹೇಳ್ತೀನ್ರೀ, ಸಿಟ್ಟಾಗಬ್ಯಾಡ್ರಿ.

ಎರಡನೇ ಅಧ್ಯಾಯ 17ನೇ ವಚನ ಓದ್ರಿ. ‘ಬದುಕು ಅಂದ್ರ ನನಗ ಹೇಸಿಕಿ ಬಂತು’ ಅಂತಾನ. ಯಾಕಂದ್ರ ಎಲ್ಲಾ ಹೆವೆಲ್. ಇಡ್ಲಿ ಹಬಿ ನೋಡಿ ಯಾರರ ಹಂಗ ಅಂತಾರೇನ್ರೀ? ಎಂಟನೇ ಅಧ್ಯಾಯ 14: ಒಳ್ಳ್ಯಾವಗ ಕೆಟ್ಟಾವನ ಗತಿ, ಕೆಟ್ಟಾವಗ ಒಳ್ಳ್ಯಾವನ ಗತಿ, ಇದೂ ಹೆವೆಲ್. ಅಲ್ಲಿ ‘ಕ್ಷಣಿಕ’ ಅಂತ ಇಟ್ಟ ನೋಡ್ರಿ, ನಿಂದರೂದಿಲ್ಲ. ಅನ್ಯಾಯ ಲಗೂನ ಕರಗಿ ಹೋಗೂದಿದ್ರ ಬ್ಯಾರೆ ಮಾತಿತ್ತು. ಮೈಕೆಲ್ ಫಾಕ್ಸ್ ಅನ್ನೋ ವಿದ್ವಾಂಸ 1986ರಾಗ ಇದನ್ನ ಹಿಡದು ವಾದ ಮಾಡ್ಯಾನ: ಪ್ರಸಂಗಿಯ ಹೆವೆಲ್ ಅಂದ್ರ ಅಸಂಗತ, ತಲಿಗೆ ಒಗ್ಗದ್ದು. ನ್ಯಾಯ ಹಿಂಗ ಇರಬೇಕು ಅಂತ ಬುದ್ಧಿ ಹೇಳತೈತಿ, ಲೋಕ ಹಂಗ ಇರೂದಿಲ್ಲ.

ಯೆರೆಮೀಯ ಪ್ರವಾದೀನ್ನೂ ಮರೀಬ್ಯಾಡ್ರಿ, 2:5. ಹೆವೆಲ್ ಬೆನ್ನ ಹತ್ತಿ ತಾವೂ ಹೆವೆಲ್ ಆದ್ರು ಅಂತ ವಿಗ್ರಹದ ಬಗ್ಗೆ ಬೈದಾನ. ಅದು ಬೈಗಳಾನ, ಚಿತ್ರ ಅಲ್ಲ.

ಧಾತುಪಾಠ

ಒಪ್ಪಿದೆ. ಧಾತು ಗೊತ್ತಾದ ಕೂಡಲೇ ಎಲ್ಲ ಕಡೆ ಅದನ್ನೇ ತುರುಕೋದು ನನ್ನಂಥವರ ರೋಗ. ‘ಗೋಷ್ಠಿ’ಯ ಹಿಂದೆ ‘ಗೋಷ್ಠ’ ಇದೆ, ದನದ ಕೊಟ್ಟಿಗೆ. ಹಾಗಂತ ಕವಿಗೋಷ್ಠಿಗೆ ಯಾರೂ ಹುಲ್ಲು ತರಲ್ಲ. (ಕೆಲವು ಗೋಷ್ಠಿಗಳಿಗೆ ತರಬಹುದಿತ್ತು.)

ಆದ್ರೆ ನಿಮ್ಮ ‘ಅಸಂಗತ’ವೂ ಎಲ್ಲ ಕಡೆ ನಿಲ್ಲಲ್ಲ ಸ್ವಾಮಿ. 11:10 ನೋಡಿ. ಬಾಲ್ಯ, ಕಪ್ಪು ಕೂದಲಿನ ವಯಸ್ಸು ಎರಡೂ ಹೆವೆಲ್. ಬಾಲ್ಯ ಅಸಂಗತವೇ? ಅಲ್ಲ, ನೋಡ್ತಾ ನೋಡ್ತಾ ಮುಗಿದುಹೋಗುತ್ತೆ. 9:9ರಲ್ಲಿ, ಪ್ರೀತಿಸಿದ ಹೆಂಡತಿ ಜೊತೆ ನಿನ್ನ ಹೆವೆಲ್ ದಿನಗಳನ್ನೆಲ್ಲ ಸುಖವಾಗಿ ಕಳಿ ಅಂತಾನೆ. ‘ನಿನ್ನ ವ್ಯರ್ಥ ದಿನಗಳನ್ನ ಸುಖವಾಗಿ ಕಳಿ’ ಅಂದ್ರೆ ವ್ಯಂಗ್ಯ ಆಗುತ್ತೆ. ‘ಹಬೆಯಂಥ ದಿನಗಳನ್ನ’ ಅಂದ್ರೆ ಬೇರೆಯೇ ದನಿ. ಹೇಸಿಗೆಯೂ ಅವನದೇ, ಈ ಮಾತೂ ಅವನದೇ. ಒಂದೇ ಕನ್ನಡ ಪದಕ್ಕೆ ಎರಡೂ ಹೊರೋ ಶಕ್ತಿ ಬೇಕು. ‘ಹಬೆ’ ಕಣ್ಣನ್ನೂ ಮಂಜಾಗಿಸುತ್ತೆ, ಎದುರಿಗಿರೋದು ಸರಿಯಾಗಿ ಕಾಣಲ್ಲ. ನಿಮ್ಮ 8:14 ಅಲ್ಲಿ ಸೇರುತ್ತೆ ಅನ್ನೋದು ನನ್ನ ಅಂದಾಜು.

ಧಾರವಾಡದಂವ

ಅರ್ಧ ಒಪ್ಪಿದೆ. ಉಳದರ್ಧ ನನ್ನ ಕಡೇನ ಇರ್ಲಿ.

ಕೆಜಿಎಫ್_ಮಗ

ನಮ್ಮಜ್ಜಿ ಮದುವೆ ಮನೆಗಳಲ್ಲಿ ಜ್ಞಾನೋಕ್ತಿ ಕೊನೇ ಅಧ್ಯಾಯ ಹೇಳೋರು, ಕನ್ನಡದ್ದೇ. ‘ಲಾವಣ್ಯವು ನೆಲೆಯಲ್ಲ’. ಈಗ ನೋಡಿದ್ರೆ ಅಲ್ಲೂ ಹೀಬ್ರೂನಲ್ಲಿ ಹೆವೆಲ್! ಅಲ್ಲಿ ಯಾರೋ ಪುಣ್ಯಾತ್ಮ ‘ವ್ಯರ್ಥ’ ಅಂತ ಬರೀದೆ ‘ನೆಲೆಯಲ್ಲ’ ಅಂತ ಬರೆದಿದ್ದಾನೆ. ಅಜ್ಜಿ ಆ ಕಾಲಕ್ಕೆ ಭಾರೀ ಸುಂದರಿಯಂತೆ. ಆ ಸಾಲು ಬಂದಾಗ ತಾತನ ಕಡೆ ನೋಡೋರು.

ಕಟ್ಟೆ ಯಜಮಾನ

ಮತಾಂತರದ ಬಗ್ಗೆ ಇಬ್ಬರು ಹಾಕಿದ್ದ ಮೂರು ಕಾಮೆಂಟ್ ತೆಗೆದಿದ್ದೇನೆ. ಇಲ್ಲಿ ಒಂದು ಪದದ ಮಾತು ನಡೀತಿದೆ, ಅದು ನಡೀಲಿ.

ಹಾಸನದವಳು

ಇವತ್ತು ಭಾನುವಾರ, ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಕಡುಬಿಗೆ ಇಟ್ಟಿದ್ಲು, ಒಲೆ ಮುಂದೇ ಕೂತಿದ್ಲು. ಧಾರವಾಡದ ಅಣ್ಣ ಬರೆದಿದ್ದನ್ನೂ ಬಿಡದೆ ಓದಿದೆ.

ಏಳು ಮಡಕೆ ಕಥೆಗೆ “ಏಳನೇದು ಬೇಯಲ್ಲ, ನಿಜ” ಅಂದ್ಲು. ಹೇಬೆಲನ ವಿಷಯಕ್ಕೆ ಸುಮಾರು ಹೊತ್ತು ಸುಮ್ಮನಿದ್ದು, “ಅವನ ತಾಯಿ ಅತ್ತಿದ್ದು ಬರೆದಿದ್ಯಾ?” ಅಂತ ಕೇಳಿದ್ಲು. ಹುಡುಕಿದೆ. ಬರೆದಿಲ್ಲ. “ಬರೆಯೋರು ಗಂಡಸರು” ಅಂದು ಮುಚ್ಚಳ ತೆಗೆದ್ಲು.

ಎರಡನೇ ಅಧ್ಯಾಯದ ಆ ಭಾಗ, ಧಾರವಾಡದ ಅಣ್ಣ ಓದ್ರಿ ಅಂದಿದ್ದರಲ್ಲ, ಅದನ್ನೂ ಓದಿದೆ. ಅಲ್ಲಿ ಶುರುವಿಗೇ ‘ಮನೆಗಳನ್ನು ಕಟ್ಟಿಸಿದೆ’ ಅಂತ ಆ ಪ್ರಸಂಗಿ, ತಾನು ರಾಜ ಅನ್ನೋನು, ಹೇಳ್ಕೊಳ್ತಾನೆ, ಕೊನೆಗೆ ಎಲ್ಲ ಹೆವೆಲ್ ಅಂತಾನೆ. ಅಮ್ಮ ತಕ್ಷಣ ಹಿಡಿದ್ಲು: “ಅವನು ಕಟ್ಟಿಸಿದೋನು. ನಿಮ್ಮಪ್ಪ ಕಟ್ಟಿದೋನು. ಅವನಿಗೆ ಹಾಗನ್ಸಿದ್ರೆ ಅನ್ಸಲಿ.” ಇದಕ್ಕೆ ಹೀಬ್ರೂನಲ್ಲಿ ಉತ್ತರ ಇದ್ಯಾ ಧಾತುಪಾಠ ಸಾರ್?

ಧಾತುಪಾಠ

ಹೀಬ್ರೂನಲ್ಲಿ ‘ಬಾನೀತಿ’ ಅಂತಷ್ಟೇ ಇದೆ, ಕಟ್ಟಿದೆ ಅಂತ. ಕಲ್ಲು ಹೊತ್ತವರ ಸುದ್ದಿ ಅಲ್ಲಿಲ್ಲ. ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ಕಡಲತಡಿ

ಅಪ್ಪನ ಸಮಾಧಿ ಕಲ್ಲಿಗೆ ಎಂತ ಬರೆಸುವುದು ಅಂತ ತೀರ್ಮಾನ ಆಯ್ತಾ ತಂಗಿ?

ಹಾಸನದವಳು

ಆಗ್ತಿದೆ ಅಕ್ಕಾ. ಪ್ರಸಂಗಿ 9:7 ಅಂತ ಅಮ್ಮ ಹೇಳಿದ್ಲು, ನಿನ್ನ ಅನ್ನವನ್ನು ಸಂತೋಷದಿಂದ ಉಣ್ಣು ಅನ್ನೋದು. ಅದರ ಮುಂದಿನ ದ್ರಾಕ್ಷಾರಸದ ಭಾಗ ಬೇಡ ಅಂತ ಅತ್ತೆ ಹಟ ಹಿಡಿದಿದ್ದಾರೆ, ಅಪ್ಪನಿಗೆ ಆ ಅಭ್ಯಾಸ ಇತ್ತು ಅಂತ ಊರೆಲ್ಲ ಅಂದ್ಕೊಳ್ಳುತ್ತಂತೆ. ಕಲ್ಲು ಕೆತ್ತೋನು ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಳ್ತಾನೆ, ಹಾಗಾಗಿ ಅತ್ತೆಯೇ ಗೆಲ್ಲೋ ಹಾಗಿದೆ. ಒತ್ತಕ್ಷರಕ್ಕೆ ಬೇರೆ ರೇಟಾ, ಯಾರಿಗಾದ್ರೂ ಗೊತ್ತಾ?